ದಣಪೆಯೇ ಬೀಗವಲ್ಲ

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಶಿವಮೊಗ್ಗದ ನನ್ನ ಅಂಗಡಿಗೆ ಲ್ಯಾಪ್‌ಟಾಪ್ ತಂದರು. ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟುಹೋಗಿತ್ತು. ಅವರಿಗೆ ಯಂತ್ರದ ಚಿಂತೆ ಇರಲಿಲ್ಲ, ಒಳಗಿದ್ದ ಕಡತಗಳ ಚಿಂತೆ. ಅಣ್ಣತಮ್ಮಂದಿರ ಪಾಲುಪಟ್ಟಿ, ತೋಟದ ಪಹಣಿ, ಮನೆಯವರೆಲ್ಲರ ಆಧಾರ್, ಬ್ಯಾಂಕಿನ ಲೆಕ್ಕ ಎಲ್ಲವೂ ಅದರಲ್ಲೇ ಇದ್ದವು.

"ಪಾಸ್‌ವರ್ಡ್ ಬರೆದುಕೊಡಲೇ?" ಎಂದರು.

"ಬೇಡ ಮೇಷ್ಟ್ರೇ, ಕುಳಿತುಕೊಳ್ಳಿ" ಎಂದೆ. ಅವರೆದುರೇ ತಳದ ತಿರುಪುಗಳನ್ನು ಬಿಚ್ಚಿ, ಕಡತಗಳೆಲ್ಲ ಕುಳಿತಿರುವ ಬೆರಳುದ್ದದ ಡಿಸ್ಕನ್ನು, ಅಂದರೆ ಎಸ್‌ಎಸ್‌ಡಿಯನ್ನು ಹೊರತೆಗೆದು, ಒಂದು ಪುಟ್ಟ ಡಬ್ಬಿಯೊಳಗೆ ಕೂರಿಸಿ ನನ್ನ ಕಂಪ್ಯೂಟರಿಗೆ ಸಿಕ್ಕಿಸಿದೆ. ಅವರ ಫೋಲ್ಡರುಗಳು ಸಾಲಾಗಿ ಬಂದು ನಿಂತವು. ಪಾಲುಪಟ್ಟಿಯ ಮೇಲೆ ಎರಡು ಸಲ ಒತ್ತಿದೆ, ತೆರೆದುಕೊಂಡಿತು. ಸದ್ಯ ಸಿಕ್ಕಿತಲ್ಲ ಎಂದು ಉಸಿರುಬಿಟ್ಟ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ದಿನಾ ಹೊಡೆಯುತ್ತಿದ್ದ ಪಾಸ್‌ವರ್ಡ್ ಯಾತಕ್ಕೆ?" ಎಂದು ಕೇಳಿದರು.

ಅದು ದಣಪೆ. ಉಣುಗೋಲು ಎಂದರೂ ಸರಿಯೇ. ತೋಟದ ಬಾಯಿಗೆ ಅಡ್ಡ ಹಾಕುವ ಆ ಗಳುಗಳು ದನವನ್ನು ತಡೆಯುತ್ತವೆ, ಅಡಕೆ ಕದಿಯಲು ಬಂದವನನ್ನಲ್ಲ. ವಿಂಡೋಸ್ ಶುರುವಾಗುವಾಗ ಕೇಳುವ ಪಾಸ್‌ವರ್ಡ್ ಆ ಯಂತ್ರದ ಬಾಗಿಲಿಗೆ ಮಾತ್ರ ಅಡ್ಡ. ಡಿಸ್ಕನ್ನೇ ಕಿತ್ತವನಿಗೆ ಒಳಗಿನದೆಲ್ಲ ತೆರೆದ ಅಂಗಳ. ಬೀಗ ಎಂದರೆ ಎನ್‌ಕ್ರಿಪ್ಷನ್. ಕಡತದ ಅಕ್ಷರಗಳನ್ನೇ ಗುರುತು ಸಿಗದಂತೆ ಕಲಸಿಟ್ಟು, ಸರಿಯಾದ ಪಾಸ್‌ವರ್ಡ್ ಕೊಟ್ಟಾಗ ಮಾತ್ರ ಮೊದಲಿನಂತೆ ಜೋಡಿಸುವ ವಿದ್ಯೆ ಅದು.

ಇದಕ್ಕೆ ನಾನು ಹೆಚ್ಚಾಗಿ ಹಾಕಿಕೊಡುವುದು ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶ. ಟ್ರೂಕ್ರಿಪ್ಟ್ ಎಂಬ ಹಳೆಯ ತಂತ್ರಾಂಶದ ಬುಡದಿಂದ 2013ರಲ್ಲಿ ಟಿಸಿಲೊಡೆದದ್ದು. 2014ರಲ್ಲಿ ಟ್ರೂಕ್ರಿಪ್ಟ್ ನಿಂತುಹೋಯಿತು, ಇದು ಬೆಳೆಯುತ್ತ ಬಂದಿದೆ. ಇದರಲ್ಲಿ ಮೊದಲು ಒಂದು ತಿಜೋರಿ ಮಾಡಬೇಕು. ಎಷ್ಟು ದೊಡ್ಡದು ಎಂದು ಆಗಲೇ ಹೇಳಬೇಕು, 10 ಜಿಬಿ ಎಂದಿಟ್ಟುಕೊಳ್ಳಿ. ಹೊರಗಿನಿಂದ ಅದು ಅರ್ಥವಿಲ್ಲದ ಒಂದೇ ಒಂದು ಕಡತ. ಪಾಸ್‌ವರ್ಡ್ ಕೊಟ್ಟು ತೆರೆದರೆ ಪೆನ್‌ಡ್ರೈವ್ ಚುಚ್ಚಿದಾಗ ಬರುವಂತೆ ಹೊಸದೊಂದು ಡ್ರೈವ್ ಕಾಣಿಸುತ್ತದೆ. ಕಡತಗಳನ್ನು ಅದರೊಳಗೆ ಇಟ್ಟು, ಕೆಲಸ ಮುಗಿಸಿ ಮುಚ್ಚಿದರೆ ಡ್ರೈವ್ ಮಾಯ. ಮುಚ್ಚುವುದನ್ನು ಮರೆಯಬೇಡಿ. ತೆರೆದಿರುವಷ್ಟು ಹೊತ್ತೂ ಆ ಯಂತ್ರದ ಮುಂದೆ ಕುಳಿತವರಿಗೆ ಅದು ತೆರೆದೇ ಇರುತ್ತದೆ, ಒಳಹೊಕ್ಕ ವೈರಸ್ಸಿಗೂ ಅಷ್ಟೇ.

ಈ ಕಲಸುವ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ ಸೂತ್ರ ಎಇಎಸ್. ಬೆಲ್ಜಿಯಂನ ಇಬ್ಬರು ತಜ್ಞರು ರೂಪಿಸಿದ್ದನ್ನು 2001ರಲ್ಲಿ ಅಮೆರಿಕ ಸರ್ಕಾರ ತನ್ನ ಮಾನದಂಡವಾಗಿ ಒಪ್ಪಿಕೊಂಡಿತು. ಅದನ್ನು ನೇರವಾಗಿ ಒಡೆಯಲು ಯಾರೂ ಹೋಗುವುದಿಲ್ಲ, ಪಾಸ್‌ವರ್ಡನ್ನು ಊಹಿಸಲು ಹೋಗುತ್ತಾರೆ. ನಮ್ಮವರು ಸೋಲುವುದು ಇಲ್ಲೇ. ಇ-ಆಧಾರ್ ಪಿಡಿಎಫ್ ನೋಡಿ. ಅದರ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಜೊತೆಗೆ ಹುಟ್ಟಿದ ಇಸವಿ. ನಿಮ್ಮನ್ನು ಬಲ್ಲವರಿಗೆ ಅದು ಗುಟ್ಟೇ ಅಲ್ಲ. ಆದರೂ ಎಷ್ಟೋ ಜನ ತಮ್ಮ ತಿಜೋರಿಗೂ ಇದೇ ಮಾದರಿಯನ್ನು ಹಿಡಿಯುತ್ತಾರೆ, ಇಲ್ಲವೇ ಮಗಳ ಹೆಸರು, ಮನೆದೇವರು, ಬೈಕಿನ ನಂಬರು.

ಮೇಷ್ಟ್ರಿಗೆ ನಾನು ಹೇಳಿದ್ದು ಇಷ್ಟು: ಮನೆಯ ನಿಘಂಟನ್ನು ಕಣ್ಣುಮುಚ್ಚಿ ಆರು ಕಡೆ ತೆರೆಯಿರಿ, ಬೆರಳು ಬಿದ್ದಲ್ಲಿರುವ ಪದ ತೆಗೆದುಕೊಳ್ಳಿ. ಒಂದಕ್ಕೊಂದು ಸಂಬಂಧವಿಲ್ಲದ ಆರು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಸದಾ ಒಂದೇ ಕಾಗುಣಿತದಲ್ಲಿ ಹೊಡೆಯಿರಿ. ಗಾದೆ, ಹಾಡಿನ ಸಾಲು, ಶ್ಲೋಕ ಬೇಡ. ನಿಮಗೆ ಬಾಯಿಪಾಠವಾದದ್ದು ಊರಿಗೆಲ್ಲ ಬಾಯಿಪಾಠ. ಮೇಷ್ಟ್ರಿಗೆ ಸಿಕ್ಕಿದ ಎರಡನೆಯ ಪದ ಅವರಿಗೆ ಹಿಡಿಸಲಿಲ್ಲ, ಬದಲಿಸಲೇ ಎಂದು ಫೋನ್ ಮಾಡಿ ಕೇಳಿದರು. ಬೇಡ ಎಂದೆ. ಮನಸ್ಸು ಆರಿಸಿದ ಪದಕ್ಕಿಂತ ಬೆರಳು ಆರಿಸಿದ ಪದ ಗಟ್ಟಿ.

ಇದರ ಇನ್ನೊಂದು ಮುಖವನ್ನು ನಾನು ಕಷ್ಟಪಟ್ಟು ಕಲಿತಿದ್ದೇನೆ. ಹೊಸನಗರದ ಕಡೆಯ ಗಿರಾಕಿಯೊಬ್ಬರಿಗೆ ಇಂಥದೇ ತಿಜೋರಿ ಮಾಡಿಕೊಟ್ಟಿದ್ದೆ. ಕೈಸಾಲದ ಲೆಕ್ಕ, ಮಂಡಿಯ ಪಟ್ಟಿಗಳು, ವಿಮೆಯ ಕಾಗದ ಅದರಲ್ಲಿದ್ದವು. ಎರಡು ವರ್ಷದ ಮೇಲೆ ಅವರು ಹಠಾತ್ತನೆ ತೀರಿಕೊಂಡರು. ತಿಂಗಳು ಕಳೆದು ಅವರ ಹೆಂಡತಿ, ಮಗ ಲ್ಯಾಪ್‌ಟಾಪ್ ಹಿಡಿದು ಬಂದರು. "ನೀವೇ ಮಾಡಿದ್ದಲ್ಲವಾ ಅಣ್ಣ, ನೀವೇ ತೆಗೆದುಕೊಡಿ" ಎಂದಳು ಆ ತಾಯಿ. ಅವರು ನೆನಪಿಸಿಕೊಂಡ ಹೆಸರು, ತಾರೀಖು, ಅಡ್ಡಹೆಸರುಗಳನ್ನೆಲ್ಲ ಸಂಜೆಯವರೆಗೆ ಹೊಡೆದು ನೋಡಿದೆ. ತೆರೆಯಲಿಲ್ಲ. ವೆರಾಕ್ರಿಪ್ಟ್‌ನಲ್ಲಿ "ಪಾಸ್‌ವರ್ಡ್ ಮರೆತಿರಾ?" ಎಂಬ ಗುಂಡಿಯೇ ಇಲ್ಲ. ಆ ತಂತ್ರಾಂಶ ಬರೆದವರ ಬಳಿಯೂ ಕಳ್ಳಕೀಲಿ ಇಲ್ಲ. ಅಂದು ತಿಜೋರಿ ಮಾಡಿಕೊಟ್ಟು ಕೈತೊಳೆದುಕೊಂಡ ನಾನು ಒಂದು ಮಾತು ಹೇಳಬೇಕಿತ್ತು, ಹೇಳಿರಲಿಲ್ಲ. ಈಗ ಅದನ್ನು ಹೇಳದೆ ಯಾರನ್ನೂ ಕಳಿಸುವುದಿಲ್ಲ: ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಜಮೀನಿನ ಮೂಲಪತ್ರಗಳ ಜೊತೆ ಇಡಿ, ಇಟ್ಟ ಜಾಗವನ್ನು ಮನೆಯಲ್ಲಿ ಒಬ್ಬರಿಗೆ ತಿಳಿಸಿ. ಲ್ಯಾಪ್‌ಟಾಪಿನ ಚೀಲದಲ್ಲಂತೂ ಇಡಬೇಡಿ.

ಈಚಿನ ಲ್ಯಾಪ್‌ಟಾಪುಗಳಲ್ಲಿ ಇದೇ ಸಂಕಟ ಇನ್ನೊಂದು ದಾರಿಯಲ್ಲಿ ಬರುತ್ತಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಶುರು ಮಾಡಿದರೆ ಹಲವು ಯಂತ್ರಗಳು ಇಡೀ ಡಿಸ್ಕನ್ನು ತಾವಾಗಿಯೇ ಎನ್‌ಕ್ರಿಪ್ಟ್ ಮಾಡಿಕೊಳ್ಳುತ್ತವೆ. ಒಳ್ಳೆಯದೇ, ಮೇಷ್ಟ್ರ ಡಿಸ್ಕನ್ನು ಓದಿದಂತೆ ಇದನ್ನು ಓದಲಾಗದು. ಆದರೆ ಮದರ್‌ಬೋರ್ಡ್ ಸತ್ತ ದಿನ 48 ಅಂಕಿಗಳ ರಿಕವರಿ ಕೀ ಬೇಕು. ಅದು ಇರುವುದು ಆ ಖಾತೆಯಲ್ಲಿ. ಖಾತೆ ತೆರೆದದ್ದು ಮಾರಿದ ಅಂಗಡಿಯ ಹುಡುಗ, ಯಾವ ಇಮೇಲ್ ಎಂದು ಮನೆಯವರಿಗೆ ಗೊತ್ತಿಲ್ಲ. ಇಂದೇ ನಿಮ್ಮ ಖಾತೆಗೆ ಹೋಗಿ ಆ ಅಂಕಿಗಳನ್ನು ಬರೆದುಕೊಂಡು ಅದೇ ಲಕೋಟೆಗೆ ಸೇರಿಸಿ.

ಕಡತವನ್ನು ತಿಜೋರಿಗೆ ಹಾಕಿದ ಮೇಲೆ ಹೊರಗಿನ ಪ್ರತಿಗಳನ್ನೂ ಹುಡುಕಬೇಕು. ಡೌನ್‌ಲೋಡ್ ಫೋಲ್ಡರ್, ರೀಸೈಕಲ್ ಬಿನ್, ವಾಟ್ಸ್‌ಆಪ್‌ನಲ್ಲಿ ಜೆರಾಕ್ಸ್ ಅಂಗಡಿಗೆ ಕಳಿಸಿದ ಪಹಣಿ, ಇವೆಲ್ಲ ಅಲ್ಲಲ್ಲೇ ಕುಳಿತಿರುತ್ತವೆ. ಎಸ್‌ಎಸ್‌ಡಿಯಲ್ಲಿ ಅಳಿಸಿದ್ದು ಪೂರ್ತಿ ಹೋಯಿತೆಂದು ಖಚಿತವಾಗಿ ಹೇಳುವುದು ಕಷ್ಟ. ಹಾಗಾಗಿ ಇಡೀ ಡಿಸ್ಕಿಗೆ ಒಂದು ಬೀಗ, ಪೆನ್‌ಡ್ರೈವಿನಲ್ಲಿ ಹೊತ್ತು ತಿರುಗುವುದಕ್ಕೆ ಪ್ರತ್ಯೇಕ ತಿಜೋರಿ ಎಂಬುದು ನನ್ನ ಪದ್ಧತಿ. ಆಡಿಟರಿಗೆ ನಾಲ್ಕು ಕಾಗದ ಕಳಿಸಲು ಇಷ್ಟೆಲ್ಲ ಬೇಡ. ಕಡತಗಳನ್ನು ಒಂದೇ ಗಂಟು ಕಟ್ಟುವ ಸೆವೆನ್‌ಜಿಪ್ ಎಂಬ ತಂತ್ರಾಂಶದಲ್ಲಿ ಎಇಎಸ್ ಹಾಕಿ, ಕಡತಗಳ ಹೆಸರನ್ನೂ ಮರೆಮಾಡುವ ಆಯ್ಕೆ ಒತ್ತಿ, ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಿದರೆ ಸಾಕು.

ನಮ್ಮ ಮಲೆನಾಡಿಗೆಂದೇ ಹೇಳಬೇಕಾದ್ದು ಕರೆಂಟಿನ ವಿಷಯ. ತಿಜೋರಿ ತೆರೆದು ಬರೆಯುತ್ತಿರುವಾಗ ಕರೆಂಟು ಹೋದರೆ ಒಳಗಿನ ಕಡತ ಕೆಡಬಹುದು. ಶುರುವಿನ ಪುಟ್ಟ ಭಾಗ, ಅಂದರೆ ಹೆಡರ್ ಕೆಟ್ಟರೆ ಸರಿಯಾದ ಪಾಸ್‌ವರ್ಡಿಗೂ ಅದು ತೆರೆಯದು. ತಿಜೋರಿಯ ಕೊನೆಯಲ್ಲಿ ಹೆಡರಿನ ಒಂದು ನಕಲು ಇರುತ್ತದೆ, ಅದರಿಂದ ನಾನು ಒಮ್ಮೆ ಒಬ್ಬ ವಕೀಲರ ಕಡತಗಳನ್ನು ಉಳಿಸಿದ್ದೇನೆ. ಆದರೆ ಅದನ್ನೇ ನೆಚ್ಚಬೇಡಿ. ತಿಜೋರಿಯನ್ನು ಮುಚ್ಚಿ, ಆ ಕಡತವನ್ನೇ ಇನ್ನೊಂದು ಹಾರ್ಡ್‌ಡಿಸ್ಕಿಗೆ ನಕಲು ಮಾಡಿ ಬೇರೆ ಮನೆಯಲ್ಲಿಡಿ, ತಂಗಿಯ ಮನೆಯಾದರೂ ಸರಿ.

ಮೇಷ್ಟ್ರು ಇದಕ್ಕೊಂದು ಕಾಲ ಗೊತ್ತುಮಾಡಿಕೊಂಡಿದ್ದಾರೆ. ಮಳೆ ಹಿಡಿಯುವ ಮೊದಲು ತೋಟಕ್ಕೆ ಕೊಳೆ ಔಷಧಿ ಹೊಡೆಸುವ ವಾರವೇ ತಂಗಿಯ ಮನೆಯ ಹಾರ್ಡ್‌ಡಿಸ್ಕ್ ತರಿಸಿ, ಆರೂ ಪದ ಹೊಡೆದು, ಪಾಲುಪಟ್ಟಿ ತೆರೆಯುತ್ತದೆಯೇ ಎಂದು ನೋಡಿ, ಹೊಸ ನಕಲು ಹಾಕಿ ಹಿಂದಕ್ಕೆ ಕಳಿಸುತ್ತಾರೆ. ಈ ವರ್ಷ ಪದಗಳನ್ನು ಹೊಡೆದದ್ದು ಅವರ ಹೆಂಡತಿ.