ವಾಯಿದೆ ಎಂಬ ಜಿಟಿಜಿಟಿ ಮಳೆ

ನನ್ನ ದೊಡ್ಡಮ್ಮನ ಬಳಿ ಒಂದು ಬಟ್ಟೆಯ ಚೀಲವಿದೆ. ಅದರೊಳಗೆ ಪಹಣಿ, ವಂಶವೃಕ್ಷ, ಕಂದಾಯದ ರಸೀದಿಗಳು. ಮಳೆಗೆ ನೆನೆಯದಂತೆ ಎಲ್ಲವನ್ನೂ ಗೊಬ್ಬರದ ಚೀಲದ ಒಳಪದರದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದಾರೆ. ತಮ್ಮಂದಿರ ಮೇಲೆ 2006ರಲ್ಲಿ ಪಾಲಿನ ದಾವೆ ಹೂಡಿದಾಗಿನಿಂದ ಸಕಲೇಶಪುರದ ಕಡೆಯ ಹಳ್ಳಿಯಿಂದ ಮೊದಲ ಬಸ್ಸು ಹಿಡಿದು, ಹಾಸನ ಜಿಲ್ಲೆಯ ಒಂದು ನ್ಯಾಯಾಲಯದ ಜಗಲಿಗೆ ಬಂದು ಕೂರುವುದು ಅವರಿಗೆ ವ್ರತದಂತಾಯಿತು. ಹೆಸರು ಕೂಗುತ್ತಾರೆ, ಒಳಗೆ ಹೋಗುತ್ತಾರೆ, ಎದುರಿನವರು ಕಾಲಾವಕಾಶ ಕೇಳುತ್ತಾರೆ. ಎರಡು ನಿಮಿಷ. ಹೊರಗೆ ಬಂದರೆ ವಕೀಲರ ಗುಮಾಸ್ತರು ಚೀಟಿಯಲ್ಲಿ ಮುಂದಿನ ತಾರೀಖು ಬರೆದುಕೊಡುತ್ತಾರೆ. ಆ ಚೀಟಿಗಳನ್ನೂ ಅವರು ಎಸೆದಿಲ್ಲ. ಚೀಲದ ಅರ್ಧ ಭಾರ ಅವುಗಳದ್ದೇ.

‘ಗೆದ್ದವನು ಸೋತ, ಸೋತವನು ಸತ್ತ’ ಎಂದು ನಮ್ಮವರು ಕೋರ್ಟಿನ ಬಗ್ಗೆ ಹೇಳುವುದು ತೀರ್ಪಿಗೆ ಹೆದರಿ ಅಲ್ಲ, ವಾಯಿದೆಗೆ ಹೆದರಿ. ವಿಳಂಬದ ಮಾತು ಬಂದಾಗಲೆಲ್ಲ ನ್ಯಾಯಾಧೀಶರ ಕೊರತೆಯತ್ತ ಬೆರಳು ತೋರಿಸುತ್ತೇವೆ. ಕೊರತೆ ನಿಜ. ಆದರೆ ಒಂದು ಪ್ರಕರಣವನ್ನು ಒಂದೇ ಹಿಡಿತದಲ್ಲಿ ಕೇಳಿ ಮುಗಿಸುವುದೋ, ಚೂರುಚೂರಾಗಿ ವರ್ಷಗಟ್ಟಲೆ ಕೇಳುವುದೋ ಎಂಬುದು ಬೇರೆಯದೇ ಪ್ರಶ್ನೆ. ದೇಶದೇಶಗಳು ಇದಕ್ಕೆ ಬೇರೆಬೇರೆ ಉತ್ತರ ಕೊಟ್ಟಿವೆ, ಕೆಲವು ತಮ್ಮ ಉತ್ತರವನ್ನು ಬದಲಿಸಿಕೊಂಡಿವೆ.

ಇಂಗ್ಲೆಂಡಿನಲ್ಲಿ ವಿಚಾರಣೆ ಒಂದೇ ಓಟದಲ್ಲಿ ನಡೆಯಲು ಮೂಲ ಕಾರಣ ಜೂರಿ, ಅಂದರೆ ಸಾಕ್ಷಿ ಕೇಳಿ ತೀರ್ಮಾನ ಹೇಳಲು ಕೂರಿಸುವ ಸಾಮಾನ್ಯ ನಾಗರಿಕರ ಗುಂಪು. ಉಳುವವರು, ಅಂಗಡಿಯವರು ಎಂದು ಹನ್ನೆರಡು ಮಂದಿಯನ್ನು ಕೆಲಸ ಬಿಡಿಸಿ ಕರೆತಂದ ಮೇಲೆ, ಇವತ್ತು ಅರ್ಧ ಸಾಕ್ಷಿ ಕೇಳಿ, ಉಳಿದದ್ದಕ್ಕೆ ಮುಂದಿನ ತಿಂಗಳು ಬನ್ನಿ ಎನ್ನಲಾಗುವುದಿಲ್ಲ. ಕೇಳಿದ್ದು ಮರೆತುಹೋಗುತ್ತದೆ, ಹೊರಗಿನವರ ಮಾತು ಕಿವಿಗೆ ಬೀಳುತ್ತದೆ. ಆದ್ದರಿಂದ ಸಿದ್ಧತೆಯೆಲ್ಲ ಮೊದಲೇ ಮುಗಿಯಬೇಕು, ಶುರುವಾದದ್ದು ತೀರ್ಪಿನವರೆಗೂ ದಿನದಿನವೂ ನಡೆಯಬೇಕು. ಅಲ್ಲಿ ಸಿವಿಲ್ ದಾವೆಗಳಿಂದ ಜೂರಿ ಹೆಚ್ಚುಕಡಿಮೆ ಮರೆಯಾಗಿದೆ. ಒಂದೇ ಓಟದ ಅಭ್ಯಾಸ ಮಾತ್ರ ಉಳಿದಿದೆ. ಹಾಗೆಂದು ಅಲ್ಲಿ ಕಾಯುವುದೇ ಇಲ್ಲವೆಂದಲ್ಲ. ಗಂಭೀರ ಅಪರಾಧಗಳನ್ನು ಕೇಳುವ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕ್ರೌನ್ ಕೋರ್ಟುಗಳಲ್ಲಿ ಬಾಕಿ ಪ್ರಕರಣಗಳು 2024ರಲ್ಲಿ 70,000 ದಾಟಿದ್ದವು. ಆದರೆ ಅಲ್ಲಿ ಕಾಯುವುದು ವಿಚಾರಣೆ ಆರಂಭವಾಗುವ ಮುನ್ನ. ನಮ್ಮಲ್ಲಿ ಅದಕ್ಕೂ ಮುನ್ನ ಕಾಯುತ್ತೇವೆ, ನಡುವೆಯೂ ಕಾಯುತ್ತೇವೆ.

ಯುರೋಪಿನ ಒಳನಾಡಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಜರ್ಮನಿ, ಆಸ್ಟ್ರಿಯಾಗಳಲ್ಲಿ ಹಿಂದೆ ನ್ಯಾಯ ನಡೆಯುತ್ತಿದ್ದುದೇ ಕಡತದಲ್ಲಿ. ಕಡತದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎಂಬರ್ಥದ ಲ್ಯಾಟಿನ್ ಸೂತ್ರವೊಂದು ಅಲ್ಲಿನ ವಕೀಲರ ಬಾಯಲ್ಲಿತ್ತು. ಒಬ್ಬರು ಬರೆದುಕೊಡುವುದು, ಇನ್ನೊಬ್ಬರು ಅದಕ್ಕೆ ಉತ್ತರ ಬರೆಯುವುದು, ಕಡತ ದಪ್ಪವಾಗುತ್ತಾ ಹೋಗುವುದು. ಇದನ್ನು ಗಟ್ಟಿಯಾಗಿ ಅಲುಗಾಡಿಸಿದವರು ಆಸ್ಟ್ರಿಯಾದ ಕಾನೂನು ಪಂಡಿತ ಫ್ರಾಂಜ್ ಕ್ಲೈನ್. ಮೊಕದ್ದಮೆ ಎಂಬುದು ಸಮಾಜಕ್ಕೆ ತಗಲುವ ಕಾಯಿಲೆಯಂತೆ, ಅದನ್ನು ಬೇಗ ಮತ್ತು ಅಗ್ಗವಾಗಿ ಗುಣಪಡಿಸುವುದು ಸರ್ಕಾರದ ಹೊಣೆ ಎಂಬುದು ಅವರ ನಿಲುವು. ಅವರು ರೂಪಿಸಿದ 1895ರ ಸಿವಿಲ್ ಪ್ರಕ್ರಿಯಾ ಸಂಹಿತೆ 1898ರಲ್ಲಿ ಜಾರಿಗೆ ಬಂತು. ಪ್ರಕರಣದ ಲಗಾಮು ವಕೀಲರ ಕೈಯಿಂದ ನ್ಯಾಯಾಧೀಶರ ಕೈಗೆ ಬಂತು.

ಜರ್ಮನಿಗೆ ಇದು ತಡವಾಗಿ ತಲುಪಿತು. 1967ರ ಸುಮಾರಿಗೆ ಸ್ಟುಟ್‌ಗಾರ್ಟ್‌ನ ನ್ಯಾಯಾಧೀಶ ರೋಲ್ಫ್ ಬೆಂಡರ್ ಹೊಸ ಪದ್ಧತಿಯೊಂದನ್ನು ಪ್ರಯೋಗಿಸಿ ನೋಡಿದರು. ಬರಹದ ವಿನಿಮಯ, ದಾಖಲೆ, ಸಾಕ್ಷಿಗಳ ಪಟ್ಟಿ ಎಲ್ಲವೂ ಮೊದಲೇ ಪೂರೈಸಬೇಕು; ಆಮೇಲೆ ವಾದಿ, ಪ್ರತಿವಾದಿ, ಸಾಕ್ಷಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಆದಷ್ಟೂ ಒಂದೇ ಬೈಠಕ್ಕಿನಲ್ಲಿ ಮುಗಿಸಬೇಕು. ಫಲ ಕಂಡ ಮೇಲೆ 1977ರಲ್ಲಿ ಅದೇ ಇಡೀ ದೇಶದ ಕಾನೂನಾಯಿತು. ಕ್ರಿಮಿನಲ್ ಪ್ರಕರಣಗಳಲ್ಲಿ ಅಲ್ಲಿನ ನಿಯಮ ಇನ್ನೂ ಬಿಗಿ. ವಿಚಾರಣೆಯ ನಡುವೆ ಸಾಮಾನ್ಯವಾಗಿ ಮೂರು ವಾರಕ್ಕಿಂತ ಹೆಚ್ಚು ಬಿಡುವು ಕೊಡುವಂತಿಲ್ಲ. ಮೀರಿದರೆ ಮತ್ತೆ ಮೊದಲಿನಿಂದ ಶುರು. ಇನ್ನೊಂದು ಅಂಶವನ್ನು ನಮ್ಮವರು ಗಮನಿಸಬೇಕು. ಅಲ್ಲಿ ಸಿವಿಲ್ ದಾವೆಯ ವಕೀಲರ ಶುಲ್ಕವನ್ನು ಕಾನೂನು ದಾವೆಯ ಮೊತ್ತಕ್ಕೆ ಕಟ್ಟಿದೆ, ಎಷ್ಟು ಬಾರಿ ಕೋರ್ಟಿಗೆ ಹಾಜರಾದರು ಎಂಬುದಕ್ಕಲ್ಲ. ವಾಯಿದೆ ಹೆಚ್ಚಿದರೆ ವಕೀಲರಿಗೂ ನಷ್ಟವೇ.

ಜಪಾನಿನ ಉದಾಹರಣೆಯನ್ನು ಓದಿದಾಗ ನನಗೆ ನಮ್ಮ ಮಲೆನಾಡೇ ಕಣ್ಣಮುಂದೆ ಬಂತು. ತಿಂಗಳಿಗೊಮ್ಮೆ ಸ್ವಲ್ಪ ಹೊತ್ತು ಕೇಳಿ ಮುಂದೂಡುವ ವಿಚಾರಣೆಗೆ ಅಲ್ಲಿ ‘ಸಮಿದಾರೆ’ಯ ರೀತಿ ಎಂದು ಹೆಸರು. ಸಮಿದಾರೆ ಎಂದರೆ ಬೇಸಿಗೆಯ ಆರಂಭದ ಮಳೆಗಾಲದಲ್ಲಿ ಬಿಟ್ಟುಬಿಟ್ಟು ಸುರಿಯುತ್ತಲೇ ಇರುವ ಮಳೆ. ಆರಿದ್ರಾ, ಪುನರ್ವಸು ಮಳೆಗಳಲ್ಲಿ ಬಟ್ಟೆ ಒಣಗದೆ, ಅಂಗಳಕ್ಕೆ ಇಳಿಯಲಾಗದೆ ಕೂತವರಿಗೆ ಆ ಹೆಸರನ್ನು ವಿವರಿಸಬೇಕಿಲ್ಲ. ಟೋಕಿಯೊದ ಸುರಂಗ ರೈಲಿನಲ್ಲಿ ವಿಷಾನಿಲ ಹರಡಿಸಿದ ಪಂಥದ ಮುಖ್ಯಸ್ಥನ ವಿಚಾರಣೆ 1996ರಲ್ಲಿ ಆರಂಭವಾಗಿ, ಮೊದಲ ಹಂತದ ತೀರ್ಪು ಬರುವಾಗ 2004 ಆಗಿತ್ತು. ಅಷ್ಟರಲ್ಲಿ ದೇಶ ಎಚ್ಚೆತ್ತಿತ್ತು. ಮೊದಲ ಹಂತದ ವಿಚಾರಣೆ ಎರಡು ವರ್ಷದೊಳಗೆ ಮುಗಿಯಬೇಕೆಂಬ ಗುರಿಯ ಕಾಯ್ದೆಯನ್ನು 2003ರಲ್ಲೇ ತಂದರು. 2009ರಿಂದ ಘೋರ ಅಪರಾಧಗಳಲ್ಲಿ ಮೂವರು ನ್ಯಾಯಾಧೀಶರ ಜೊತೆ ಆರು ಮಂದಿ ಸಾಮಾನ್ಯ ನಾಗರಿಕರನ್ನೂ ಕೂರಿಸಲಾರಂಭಿಸಿದರು. ನಾಗರಿಕರು ಬಂದು ಕೂತ ಮೇಲೆ ಅಲ್ಲೂ ದಿನದಿನ ನಡೆಸದೆ ಬೇರೆ ದಾರಿ ಉಳಿಯಲಿಲ್ಲ.

ನಮ್ಮಲ್ಲಿ ಹೀಗೇಕೆ? ಬ್ರಿಟಿಷರು ತಮ್ಮ ಕಾನೂನನ್ನು ತಂದರು, ಅದನ್ನು ಓಡಿಸುತ್ತಿದ್ದ ಜೂರಿಯನ್ನು ಎಲ್ಲ ಕಡೆಗೂ ತರಲಿಲ್ಲ. ಜಿಲ್ಲೆಗಳ ಸಿವಿಲ್ ಕೋರ್ಟುಗಳಿಗೆ ಅದು ಬರಲೇ ಇಲ್ಲ. ಕೆಲವು ಸೆಷನ್ಸ್ ಕೋರ್ಟುಗಳಲ್ಲಿದ್ದ ಜೂರಿಯೂ ಹೆಂಡತಿಯ ಪ್ರಿಯಕರನನ್ನು ಕೊಂದ ನೌಕಾಪಡೆಯ ಅಧಿಕಾರಿಯನ್ನು ಜೂರಿ ನಿರ್ದೋಷಿ ಎಂದ 1959ರ ನಾನಾವತಿ ಪ್ರಕರಣದ ನಂತರ ಮರ್ಯಾದೆ ಕಳೆದುಕೊಂಡು, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜಾಗವನ್ನೇ ಕಳೆದುಕೊಂಡಿತು. ಕಾಯುತ್ತಿರುವ ಹನ್ನೆರಡು ಮಂದಿ ಇಲ್ಲದಿದ್ದರೆ ಕಾಯುವವರು ಕಕ್ಷಿದಾರರು ಮತ್ತು ಸಾಕ್ಷಿಗಳು ಮಾತ್ರ. ಅವರ ದಿನಕ್ಕೆ ಯಾರೂ ಬೆಲೆ ಕಟ್ಟಲಿಲ್ಲ.

ಪುಸ್ತಕದಲ್ಲಿ ಎಲ್ಲವೂ ಇದೆ, ಅದೇ ಸಂಕಟದ ಸಂಗತಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶದ ಪ್ರಕಾರ, ಸಾಕ್ಷ್ಯ ಆರಂಭವಾದ ಮೇಲೆ ಹಾಜರಿರುವ ಸಾಕ್ಷಿಗಳೆಲ್ಲ ಮುಗಿಯುವವರೆಗೆ ದಿನದಿನವೂ ಕೇಳಬೇಕು. 2002ರ ಜುಲೈಯಿಂದ ಒಬ್ಬ ಕಕ್ಷಿದಾರನಿಗೆ ಮೂರು ವಾಯಿದೆಗಿಂತ ಹೆಚ್ಚಿಲ್ಲ ಎಂಬ ಮಿತಿಯೂ ಸೇರಿತು. ಕೈಮೀರಿದ ಸಂದರ್ಭಗಳಲ್ಲಿ ಈ ಮಿತಿ ಅಡ್ಡಬರಬಾರದೆಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. ಮಾತು ನ್ಯಾಯವಾದದ್ದೇ, ಆದರೆ ಬೇಲಿಯಲ್ಲಿ ಬಿಟ್ಟ ಆ ಸಂದಿಯಲ್ಲಿ ಎಲ್ಲರೂ ನುಗ್ಗಿದರು. ಪ್ರಕರಣಗಳನ್ನು ಗುಂಪುಗಳಾಗಿ ವಿಂಗಡಿಸಿ ಅವಧಿ ಗೊತ್ತುಮಾಡುವ ನಿಯಮಗಳು ಕರ್ನಾಟಕದಲ್ಲೂ 2005ರಲ್ಲೇ ಬಂದಿವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಕ್ರಿಮಿನಲ್ ಪ್ರಕರಣಗಳಲ್ಲಿ ಕಾರಣ ಕೈಮೀರಿದ್ದಾಗಲೂ ಎರಡೇ ವಾಯಿದೆ ಎನ್ನುತ್ತದೆ.

ನ್ಯಾಯಾಧೀಶರ ಸಂಖ್ಯೆಯನ್ನು ಬಿಟ್ಟು ಮಾತಾಡುವುದು ಅನ್ಯಾಯ. ಹತ್ತು ಲಕ್ಷ ಜನಕ್ಕೆ 10.5 ನ್ಯಾಯಾಧೀಶರಿದ್ದಾರೆ, ಐವತ್ತಾದರೂ ಬೇಕು ಎಂದು ಕಾನೂನು ಆಯೋಗ 1987ರಲ್ಲೇ ಹೇಳಿತ್ತು. ಇಂದಿಗೂ ನಾವು ಅದರ ಅರ್ಧವನ್ನೂ ಮುಟ್ಟಿಲ್ಲ. ಜರ್ಮನಿಯಲ್ಲಿ ಆ ಲೆಕ್ಕ ಇನ್ನೂರನ್ನು ಮೀರುತ್ತದೆ. ಒಂದೇ ದಿನ ಹತ್ತಾರು ಪ್ರಕರಣಗಳ ಪಟ್ಟಿ ಹಿಡಿದು ಕೂತ ನ್ಯಾಯಾಧೀಶರಿಗೆ ಒಂದು ಪಾಲಿನ ದಾವೆಗೆಂದೇ ಇಡೀ ದಿನ ಕೊಡಿ ಎಂದು ಹೇಳುವುದು ಸುಲಭವಲ್ಲ.

ಈ ನಿಧಾನದ ನಡುವೆ ದೊಡ್ಡಮ್ಮನ ದಾವೆಯ ಕೆಳಗಿನ ನೆಲವೇ ಎರಡು ಬಾರಿ ಅಲುಗಿತು. ಅವರ ತಂದೆ ತೀರಿಕೊಂಡದ್ದು 2001ರಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಎಂಬ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಯಾಯಿತು, ಅದನ್ನೇ ನಂಬಿ ದಾವೆ ಹೂಡಿದರು. ಆ ದಿನ ತಂದೆ ಬದುಕಿದ್ದರೆ ಮಾತ್ರ ಈ ಹಕ್ಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಅವರು ಎರಡು ದಿನ ಒಲೆ ಹಚ್ಚಲಿಲ್ಲ. 2020ರ ಆಗಸ್ಟ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ತಂದೆ ಬದುಕಿರಬೇಕಾಗಿಲ್ಲ ಎಂದಿತು. ಪ್ರಕರಣ ಎರಡು ವರ್ಷದಲ್ಲಿ ಮುಗಿದಿದ್ದರೆ ಈ ಏರಿಳಿತ ಅವರನ್ನು ತಾಕುತ್ತಲೇ ಇರಲಿಲ್ಲ.

ಈಗ ಪ್ರಾಥಮಿಕ ಡಿಕ್ರಿ ಬಂದಿದೆ, ಅವರ ಪಾಲು ಎಷ್ಟೆಂದು ನಿಗದಿಯಾಗಿದೆ. ಆದರೆ ಯಾವ ಗದ್ದೆ, ಯಾವ ತೋಟ ಎಂಬುದು ಅಂತಿಮ ಡಿಕ್ರಿಯಲ್ಲಿ ತೀರ್ಮಾನವಾಗಬೇಕು. ಕಂದಾಯದ ಜಮೀನನ್ನು ಅಳೆದು ಭಾಗ ಮಾಡುವ ಕೆಲಸ ಕಾನೂನಿನಂತೆ ಜಿಲ್ಲಾಧಿಕಾರಿಯ ಕಡೆಗೆ ಹೋಗುತ್ತದೆ. ಅಳತೆಗೂ ತಾರೀಖು, ಆಕ್ಷೇಪಣೆಗೂ ತಾರೀಖು. ಕಳೆದ ಬಾರಿ ಗುಮಾಸ್ತರು ಚೀಟಿ ಬರೆಯುವಾಗ ದೊಡ್ಡಮ್ಮ ಕೇಳಿದರು: “ಸ್ವಾಮಿ, ಕಾಫಿ ಕೊಯ್ಲು ಮುಗಿದ ಮೇಲಿನ ತಾರೀಖು ಕೇಳಬಹುದಿತ್ತಲ್ಲವೇ? ಆಳು ಸಿಗುವುದಿಲ್ಲ, ನಾನೇ ನಿಲ್ಲಬೇಕು.” ಗುಮಾಸ್ತರು ಪಾಪ, ಒಳ್ಳೆಯ ಮನುಷ್ಯ. “ಅಮ್ಮ, ಒಳಗೆ ಬರೆದದ್ದನ್ನೇ ನಾನಿಲ್ಲಿ ಬರೆಯುವುದು” ಎಂದರು. ಸ್ಟುಟ್‌ಗಾರ್ಟ್‌ನಲ್ಲಿ ಮಾಡಿದ್ದರ ಮೊದಲ ಹೆಜ್ಜೆಯಾದರೂ ಇಲ್ಲಿ ಆಗದ್ದೇನಲ್ಲ. ದಾವೆಯ ಆರಂಭದಲ್ಲೇ ಎರಡೂ ಕಡೆಯವರನ್ನು ಕೂರಿಸಿಕೊಂಡು, ಯಾವ ಸಾಕ್ಷಿ ಯಾವ ದಿನ ಎಂದು ಕೇಳಿ, ಕೊಯ್ಲು, ಬಿತ್ತನೆಗಳನ್ನು ಬಿಟ್ಟು, ಸಾಲಾಗಿ ನಾಲ್ಕು ದಿನ ಗೊತ್ತುಮಾಡಿ ಬರೆದಿಡುವುದು. ದೊಡ್ಡಮ್ಮ ಚೀಟಿಯನ್ನು ಮಡಿಸಿ, ಪ್ಲಾಸ್ಟಿಕ್ಕಿನೊಳಗೆ ಹಳೆಯವುಗಳ ಮೇಲಿಟ್ಟು, ಎರಡೂವರೆಯ ಬಸ್ಸಿಗೆ ಹೊರಟರು.