ಬುಗುರಿ ಹೋಯಿತು, ನಿಮಿಷ ಉಳಿಯಿತು

ರಷ್ಯಾದ ಕ್ವಿಜ್ ಕಾರ್ಯಕ್ರಮ ‘ಶ್ತೋ? ಗ್ದ್ಯೇ? ಕಗ್ದಾ?’ (‘ಏನು? ಎಲ್ಲಿ? ಯಾವಾಗ?’) 1975ರ ಸೆಪ್ಟೆಂಬರ್ 4ರಂದು ಸೋವಿಯತ್ ಟೀವಿಯಲ್ಲಿ ಮೊದಲು ಬಂದಾಗ ಎರಡು ಕುಟುಂಬಗಳು ತಮ್ಮ ತಮ್ಮ ಮನೆಯಲ್ಲೇ ಕೂತು ಆಡಿದ್ದವು. ದುಂಡು ಮೇಜು, ಬುಗುರಿ, ಒಂದು ನಿಮಿಷದ ಚರ್ಚೆ ಯಾವುದೂ ಆಗ ಇರಲಿಲ್ಲ. ಇದನ್ನು ಕಟ್ಟಿದ ವ್ಲಾದಿಮಿರ್ ವರಶೀಲವ್ ಮರುವರ್ಷ ವಿದ್ಯಾರ್ಥಿಗಳನ್ನು ಮೇಜಿನ ಸುತ್ತ ಕೂರಿಸಿ ಬುಗುರಿ ತಂದರು. ಅದರ ಬಾಣ ಆಗ ತೋರಿಸುತ್ತಿದ್ದದ್ದು ಆಟಗಾರನನ್ನು. ಯಾರತ್ತ ನಿಂತಿತೋ ಅವನೇ ಉತ್ತರಿಸಬೇಕು. 1977ರ ಹೊತ್ತಿಗೆ ಬಾಣ ವೀಕ್ಷಕರು ಪ್ರಶ್ನೆ ಬರೆದು ಕಳಿಸಿದ ಪತ್ರಗಳ ಕಡೆ ತಿರುಗಿತು. ಮೇಜಿಗೆ ಆರು ಜನ, ಕೂಡಿ ಯೋಚಿಸಲು ಅರವತ್ತು ಸೆಕೆಂಡು. ಆಟ ಹುಟ್ಟಿದ್ದು ನಿಜವಾಗಿ ಆಗಲೇ.

ಟೀವಿಯ ಆಟದಲ್ಲಿ ಮೇಜಿಗೆ 13 ಭಾಗಗಳಿವೆ. ಹನ್ನೆರಡರಲ್ಲಿ ಲಕೋಟೆಗಳಿರುತ್ತವೆ. ಹದಿಮೂರನೆಯದು 2001ರಿಂದ ಇಂಟರ್ನೆಟ್ಟಿನಲ್ಲಿ ಬಂದ ಪ್ರಶ್ನೆಗಳಿಗೆ ಮೀಸಲು. ಬಾಣ ಆಗಲೇ ಆಡಿದ ಭಾಗದ ಮೇಲೆ ನಿಂತರೆ, ಗಡಿಯಾರದ ದಿಕ್ಕಿನಲ್ಲಿ ಮುಂದಿನ ಲಕೋಟೆ ತೆರೆಯುತ್ತಾರೆ. ನಿಮಿಷ ಮುಗಿದಾಗ ಯಾರು ಉತ್ತರಿಸಬೇಕೆಂದು ನಾಯಕ ಹೇಳುತ್ತಾನೆ. ಉತ್ತರ ಸರಿಯಾದರೆ ಅಂಕ ತಂಡಕ್ಕೆ, ತಪ್ಪಾದರೆ ವೀಕ್ಷಕರಿಗೆ. ಮೊದಲು ಆರು ಅಂಕ ಗಳಿಸಿದವರಿಗೆ ಗೆಲುವು, ಅದು ಮೇಜಿನ ಸುತ್ತ ಕೂತ ಬಲ್ಲವರ ತಂಡವಾದರೂ ಸರಿ, ವೀಕ್ಷಕರಾದರೂ ಸರಿ. ‘ಬ್ಲಿಟ್ಸ್’ ಎಂಬ ವಿಶೇಷ ಭಾಗದಲ್ಲಿ ಮೂರು ಪ್ರಶ್ನೆ, ಒಂದೊಂದಕ್ಕೆ 20 ಸೆಕೆಂಡು. ಮೂರಕ್ಕೂ ಸರಿಯುತ್ತರ ಬಂದರೆ ಮಾತ್ರ ಒಂದು ಅಂಕ. ‘ಸೂಪರ್ ಬ್ಲಿಟ್ಸ್’ನಲ್ಲಿ ಅದೇ ಪರೀಕ್ಷೆಗೆ ಒಬ್ಬನೇ ಮೇಜಿನ ಮುಂದೆ ಉಳಿಯುತ್ತಾನೆ. ಸೋವಿಯತ್ ಕಾಲದಲ್ಲಿ ಬಹುಮಾನವೆಂದರೆ ಪುಸ್ತಕ. 1984ರಲ್ಲಿ ಉತ್ತಮ ಆಟಗಾರನಿಗೆ ಸ್ಫಟಿಕದ ಗೂಬೆ ಬಂತು, 1991ರಲ್ಲಿ ಹಣ ಬಂತು. ಆಟ ಅಷ್ಟರಲ್ಲಿ ಮಾಸ್ಕೋದ ನೆಸ್ಕೂಚ್ನಿ ಉದ್ಯಾನದ ಹಳೆಯ ಬೇಟೆಮನೆಯಲ್ಲಿ ನೆಲೆಯೂರಿತ್ತು. 2001ರ ಮಾರ್ಚ್‌ನಲ್ಲಿ ವರಶೀಲವ್ ತೀರಿಕೊಂಡ ಮೇಲೆ ಮಲಮಗ ಬರೀಸ್ ಕ್ರ್ಯೂಕ್ ನಿರೂಪಕರಾದರು.

ನೋಡಲು ಇದು ಸೊಗಸು. ಸ್ಪರ್ಧೆಯಾಗಿ ಮಾತ್ರ ಒಂದು ಕೊರತೆ ಉಳಿದಿತ್ತು. ಒಂದೊಂದು ತಂಡಕ್ಕೆ ಒಂದೊಂದು ಪ್ರಶ್ನೆ, ಅದೂ ಬುಗುರಿಯ ಅದೃಷ್ಟ. ಹೀಗಿದ್ದರೆ ಎರಡು ತಂಡಗಳಲ್ಲಿ ಯಾವುದು ಗಟ್ಟಿ ಎಂದು ಅಳೆಯುವುದು ಹೇಗೆ? ಟೀವಿಯ ಮೇಜಿಗೆ ಆರೇ ಕುರ್ಚಿ, ಆಡಬಯಸುವವರು ಊರೂರಿನಲ್ಲಿದ್ದರು. ಈ ಆಟದ ಕ್ಲಬ್ಬುಗಳ ಅಂತರರಾಷ್ಟ್ರೀಯ ಸಂಘ 1989ರಲ್ಲಿ ಹುಟ್ಟಿತು. ಕ್ಲಬ್ಬುಗಳು ಕಂಡುಕೊಂಡ ದಾರಿ ಸರಳ: ಬುಗುರಿ ಬೇಡ, ವೀಕ್ಷಕರ ಅಂಕವೂ ಬೇಡ, ಒಂದೇ ಸಭಾಂಗಣದಲ್ಲಿ ಎಲ್ಲ ತಂಡಗಳಿಗೂ ಒಂದೇ ಪ್ರಶ್ನೆ, ಒಂದೇ ಹೊತ್ತಿಗೆ. ಹಳೆಯ ಆಟದಿಂದ ಉಳಿದದ್ದು ಆರು ಜನರ ಮೇಜು ಮತ್ತು ಆ ಒಂದು ನಿಮಿಷ. ಇದನ್ನೇ ‘ಕ್ರೀಡಾ’ ಆವೃತ್ತಿ ಎನ್ನುತ್ತಾರೆ. ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ 2002ರಲ್ಲಿ ಬಾಕುವಿನಲ್ಲಿ ನಡೆಯಿತು.

ಸಾಮಾನ್ಯ ಪಂದ್ಯದಲ್ಲಿ 36 ಪ್ರಶ್ನೆ, ಹನ್ನೆರಡರಂತೆ ಮೂರು ಸುತ್ತು. ಪ್ರಶ್ನೆ ಓದಿ ಮುಗಿದೊಡನೆ ಗಡಿಯಾರ ಓಡುತ್ತದೆ. ನಿಮಿಷ ಕಳೆದ ಮೇಲೆ ಉತ್ತರ ಚೀಟಿ ಕೊಡಲು ಹತ್ತು ಸೆಕೆಂಡು. ಚೀಟಿಯಲ್ಲಿ ತಂಡದ ಸಂಖ್ಯೆ, ಪ್ರಶ್ನೆಯ ಸಂಖ್ಯೆ, ಒಂದೇ ಉತ್ತರ. ಎರಡು ಉತ್ತರ ಬರೆದರೆ ಒಂದು ಸರಿಯಿದ್ದರೂ ಅಂಕವಿಲ್ಲ. ಚೀಟಿ ಆಯುವವರಿಗೆ ‘ಲಾಸ್ತಚ್ಕಾ’ ಎಂಬ ಹೆಸರು, ಅದು ಚುರುಕಾಗಿ ಹಾರುವ ಪುಟ್ಟ ಹಕ್ಕಿಯೊಂದರದು. ಒಂದೇ ತಂಡಕ್ಕೆ ಹೊಳೆದ ಪ್ರಶ್ನೆ ‘ಮೇಣದಬತ್ತಿ’. ಯಾರಿಗೂ ಹೊಳೆಯದ್ದು ‘ಶವಪೆಟ್ಟಿಗೆ’. ಅಂಕ ಸಮವಾದರೆ ಹೆಚ್ಚು ತಂಡಗಳು ಸೋತ ಪ್ರಶ್ನೆಗೆ ಹೆಚ್ಚು ತೂಕ ಕೊಟ್ಟು ಸ್ಥಾನ ಬಿಡಿಸುವುದುಂಟು, ಇಲ್ಲವೇ ಹೆಚ್ಚುವರಿ ಪ್ರಶ್ನೆ ಕೇಳುತ್ತಾರೆ.

ಅದೃಷ್ಟವನ್ನು ಹೊರಗೆ ಹಾಕಿದ ಮೇಲೆ ಇಡೀ ಭಾರ ಬಿದ್ದದ್ದು ಪ್ರಶ್ನೆ ತಿದ್ದುವವರ ಮೇಲೆ. ನೂರು ತಂಡ ಕೂತಿದ್ದರೆ ಆರುನೂರು ತಲೆಗಳು ಒಂದು ವಾಕ್ಯದ ಸಂದುಗೊಂದುಗಳನ್ನೆಲ್ಲ ಹುಡುಕುತ್ತವೆ. ‘1960ರ ಮೇ 1ರಂದು ಸೋವಿಯತ್ ನೆಲದ ಮೇಲೆ ಹೊಡೆದುರುಳಿಸಿದ ಬೇಹು ವಿಮಾನದ ಪೈಲಟ್ ಯಾರು?’ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಗೊತ್ತಿದ್ದವನು ಪವರ್ಸ್ ಎಂದು ಮೊದಲ ಸೆಕೆಂಡಿಗೇ ಬರೆಯುತ್ತಾನೆ, ಗೊತ್ತಿಲ್ಲದವನಿಗೆ ಉಳಿದ ಐವತ್ತೊಂಬತ್ತು ಸೆಕೆಂಡು ದಂಡ. ಬದಲಿಗೆ ಹೀಗೆ ಕೇಳಬಹುದು: ‘ಹಿಂದಿನ ವರ್ಷದ ಘಟನೆ ಹಳ್ಳಿಗರ ನೆನಪಿನಲ್ಲಿದ್ದೀತು ಎಂಬ ಕಾರಣಕ್ಕೆ ಗಗಾರಿನ್‌ರ ಹೆಲ್ಮೆಟ್ ಮೇಲೆ ಏನು ಬರೆದರಂತೆ?’ ಗಗಾರಿನ್ ಬಾಹ್ಯಾಕಾಶಕ್ಕೆ ಹಾರಿದ್ದು 1961ರಲ್ಲಿ, ನೆಲಕ್ಕಿಳಿದದ್ದು ಪ್ಯಾರಾಶೂಟಿನಲ್ಲಿ. ಪವರ್ಸ್ ಇಳಿದದ್ದೂ ಹಾಗೆಯೇ. ಹಳ್ಳಿಗರು ಗಗಾರಿನ್‌ರನ್ನೂ ಬೇಹುಗಾರನೆಂದು ತಿಳಿಯಬಾರದಲ್ಲ. ಒಬ್ಬರಿಗೆ ಇದು, ಇನ್ನೊಬ್ಬರಿಗೆ ಅದು ನೆನಪಾದರೆ ‘ನಮ್ಮವನೇ’ ಎಂದು ಸಾರುವ ದೇಶದ ಹೆಸರು ಎಂಬಲ್ಲಿಗೆ ತಂಡ ತಾನೇ ನಡೆದು ಬರುತ್ತದೆ.

ಆದರೂ ಪ್ರಶ್ನೆ ಇನ್ನೂ ಹಸಿ. ‘ಗಗಾರಿನ್‌ರ ಹೆಸರು’ ಎಂದು ಬರೆದ ತಂಡಕ್ಕೆ ಏನು ಹೇಳುತ್ತೀರಿ? ‘ನಾಲ್ಕು ಅಕ್ಷರ’ ಎಂದು ಸುಳಿವು ಸೇರಿಸಿದರೂ ಸಾಲದು: ರಷ್ಯನ್ನಿನಲ್ಲಿ ‘ಯೂರಿ’ಗೂ ನಾಲ್ಕೇ ಅಕ್ಷರ. ದೇಶದ ಹ್ರಸ್ವನಾಮ ‘СССР’ನಲ್ಲಿ (ಎಸ್‌ಎಸ್‌ಎಸ್‌ಆರ್) ಒಂದೇ ಅಕ್ಷರ ಮೂರು ಸಲ ಬರುತ್ತದೆ, ಹಾಗೆಂದು ಹೇಳಿದರೆ ಬೇರೆ ಉತ್ತರಕ್ಕೆ ಎಡೆಯಿಲ್ಲ, ಆದರೆ ಗುಟ್ಟೂ ಬಯಲಾಗುತ್ತದೆ. ಈ ತೂಗಾಟವೇ ಸಂಪಾದಕನ ಕೆಲಸ. ಅದಕ್ಕೇ ಪ್ರಶ್ನೆಗಳನ್ನು ಮೊದಲು ಪರೀಕ್ಷಾ ತಂಡಗಳಿಗೆ ಕೊಟ್ಟು ಆಡಿಸುತ್ತಾರೆ. ಆ ಆಟಗಾರರು ಮುಂದೆ ಆ ಪಂದ್ಯವನ್ನು ಆಡುವಂತಿಲ್ಲ. ಉತ್ತರದ ಕೆಳಗೆ ಬೇರೆ ಯಾವ ರೂಪಗಳನ್ನು ಒಪ್ಪಬಹುದು, ಮಾಹಿತಿಯ ಮೂಲ ಯಾವುದು ಎಂಬುದನ್ನು ಮೊದಲೇ ಬರೆದಿಡಬೇಕು. ಹಲವು ಊರುಗಳಲ್ಲಿ ಬೇರೆ ಬೇರೆ ದಿನ ಒಂದೇ ಪ್ರಶ್ನೆಕಟ್ಟು ಆಡುವ ‘ಸಿಂಕ್ರೋನ್’ ಪಂದ್ಯಗಳಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಸಂಪಾದಕ ಸಭಾಂಗಣದಲ್ಲಿ ಇರುವುದಿಲ್ಲ, ಕೊನೆಯ ಊರು ಆಡಿ ಮುಗಿಸುವವರೆಗೆ ಯಾರೂ ಬಾಯಿ ಬಿಡುವಂತಿಲ್ಲ.

ಇಷ್ಟಾದರೂ ತಕರಾರು ಬಂದೇ ಬರುತ್ತದೆ. ಮೇಲ್ಮನವಿಯಲ್ಲಿ ಎರಡು ಬಗೆ. ‘ನಮ್ಮ ಉತ್ತರವೂ ಪ್ರಶ್ನೆಯ ಪ್ರತಿ ಮಾತಿಗೂ ಹೊಂದುತ್ತದೆ, ಅಂಕ ಕೊಡಿ’ ಎಂಬುದು ಒಂದು. ‘ಪ್ರಶ್ನೆಯಲ್ಲೇ ತಪ್ಪಿದೆ, ತೆಗೆದುಹಾಕಿ’ ಎಂಬುದು ಇನ್ನೊಂದು. ತೀರ್ಪುಗಾರರ ಮುಂದೆ ಗೆಲ್ಲುವುದು ಕೋಪವಲ್ಲ, ಆಧಾರ ಗ್ರಂಥ. ಎರಡನೆಯ ಬಗೆಯ ಮನವಿ ಗೆದ್ದರೆ ಆ ಪ್ರಶ್ನೆ ಯಾರ ಲೆಕ್ಕದಲ್ಲೂ ಉಳಿಯುವುದಿಲ್ಲ, ಸರಿಯಾಗಿ ಉತ್ತರಿಸಿದ್ದ ತಂಡಗಳ ಅಂಕವೂ ಅದರೊಡನೆ ಹೋಗುತ್ತದೆ.