ಇಲ್ಲಿ ಮೊಟ್ಟೆಯಿಡುವ ಹಕ್ಕಿ ವಿದೇಶಿಯಲ್ಲ

ಚಳಿಗಾಲ ಕಾಲಿಟ್ಟರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ. ಸಂತಾನೋತ್ಪತ್ತಿಗಾಗಿ ಸಾವಿರಾರು ಮೈಲಿ ಹಾರಿ ಬಂದ ವಿದೇಶಿ ಅತಿಥಿಗಳು ಎಂಬ ಧಾಟಿಯ ಬರಹ, ಪಕ್ಕದಲ್ಲಿ ಬಣ್ಣದ ಕೊಕ್ಕರೆಯದೋ ಹೆಜ್ಜಾರ್ಲೆಯದೋ ಚಿತ್ರ. ಅತಿಥಿಗಳ ಊರು ಸೈಬೀರಿಯಾವೇ ಆಗಬೇಕೆಂಬುದು ಅಲಿಖಿತ ನಿಯಮ. ಭರತ್‌ಪುರಕ್ಕೆ ನಿಜವಾಗಿಯೂ ಸೈಬೀರಿಯಾದಿಂದ ಬರುತ್ತಿದ್ದ ಬಿಳಿ ಕ್ರೌಂಚಗಳು 2002ರ ನಂತರ ಅಲ್ಲಿ ಕಂಡಿಲ್ಲ. ನಮ್ಮ ವರದಿಗಳಲ್ಲಿ ಮಾತ್ರ ಅವು ಇನ್ನೂ ಬರುತ್ತಲೇ ಇವೆ.

ನನ್ನ ತಕರಾರು ಇಷ್ಟೇ. ದೂರದ ಶೀತಪ್ರದೇಶದಿಂದ ಚಳಿಗಾಲ ಕಳೆಯಲು ಬರುವ ಹಕ್ಕಿ ಇಲ್ಲಿ ಮೊಟ್ಟೆಯಿಡುವುದಿಲ್ಲ. ರಂಗನತಿಟ್ಟಿನಲ್ಲಿ, ಕೊಕ್ಕರೆ ಬೆಳ್ಳೂರಿನಲ್ಲಿ ಗೂಡು ಕಟ್ಟುವ ಕೊಕ್ಕರೆ, ಹೆಜ್ಜಾರ್ಲೆಗಳು ಇದೇ ಸೀಮೆಯವು. ಮರಿಗಳ ರೆಕ್ಕೆ ಬಲಿತ ಮೇಲೆ ಸುತ್ತಲಿನ ಕೆರೆ, ನದಿಗಳಿಗೆ ಚದುರಿಹೋಗುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರು ಹಿತ್ತಲ ಹುಣಸೆ ಮರದಲ್ಲಿ ಮರಿ ಮಾಡುವ ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಪತ್ರಿಕೆಯ ‘ಅತಿಥಿ’ಗಿಂತ ಇದು ವಿಜ್ಞಾನಕ್ಕೆ ಹೆಚ್ಚು ಹತ್ತಿರ.

ನಿಜವಾದ ದೂರದ ಹಕ್ಕಿ ಬೇಕಿದ್ದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ. ನೆತ್ತಿಯ ಹಿಂದೆ ಎರಡು ಕಪ್ಪು ಪಟ್ಟೆ ಎಳೆದುಕೊಂಡ ಹೆಬ್ಬಾತುಗಳು ಹಗಲೆಲ್ಲ ಕೆರೆಯಲ್ಲಿ ತೇಲುತ್ತ, ತೂಕಡಿಸುತ್ತ ಇದ್ದು ಹೊತ್ತು ಮುಳುಗಿದ ಮೇಲೆ ಹೊಲಗಳಿಗೆ ಮೇಯಲು ಹೋಗುತ್ತವೆ. ಇವುಗಳ ಮರಿಮನೆ ಮಂಗೋಲಿಯಾ, ಟಿಬೆಟ್, ಲಡಾಖ್. ಹಿಮಾಲಯ ದಾಟುವಾಗ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ಉಪಗ್ರಹದ ಮೂಲಕ ದಾಖಲಾಗಿದೆ. ಅಷ್ಟು ಶ್ರಮಪಟ್ಟು ಬಂದು, ಹೊಟ್ಟೆತುಂಬ ಮೇಯುತ್ತ ತಿಂಗಳುಗಟ್ಟಲೆ ಕೂತರೂ ಒಂದು ಮೊಟ್ಟೆಯನ್ನೂ ಇಡದೆ ಹಿಂತಿರುಗುತ್ತವೆ. ಇಡಲು ಅವುಗಳಿಗೆ ಸಾಧ್ಯವೇ ಇಲ್ಲ.

ನನಗೆ ಅತ್ಯಂತ ಪ್ರಿಯವಾದ ಸಂಗತಿ ಇರುವುದು ಇಲ್ಲೇ. ಮರಿ ಮಾಡುವ ಕಾಲ ಮುಗಿಯುತ್ತಲೇ ಹಕ್ಕಿಯ ವೃಷಣ, ಅಂಡಾಶಯಗಳು ಕುಗ್ಗಿಹೋಗುತ್ತವೆ. ಎಷ್ಟೋ ಸಣ್ಣ ಹಕ್ಕಿಗಳಲ್ಲಿ ವೃಷಣದ ಗಾತ್ರ ಋತುವಿನಿಂದ ಋತುವಿಗೆ ನೂರಾರು ಪಟ್ಟು ಏರಿಳಿಯುತ್ತದೆ. ಹಾರುವ ಜೀವಿಗೆ ಒಂದೊಂದು ಗ್ರಾಮೂ ಹೊರೆಯೇ. ಕೆಲಸವಿಲ್ಲದ ಅಂಗವನ್ನು ಹೊತ್ತು ಪರ್ವತ ದಾಟುವುದೇಕೆ? ಹಾಗಾದರೆ ಅವು ಮತ್ತೆ ಬೆಳೆಯಬೇಕಾದ ಹೊತ್ತು ದೇಹಕ್ಕೆ ತಿಳಿಯುವುದು ಹೇಗೆ? ಕೆನಡಾದ ಎಡ್ಮಂಟನ್‌ನಲ್ಲಿ ಜೀವವಿಜ್ಞಾನಿ ವಿಲಿಯಂ ರೋವನ್ 1920ರ ದಶಕದಲ್ಲಿ ಇದನ್ನು ಕೆದಕಿದರು. ಜುಂಕೊ ಎಂಬ ಪುಟ್ಟ ವಲಸೆ ಹಕ್ಕಿಗಳನ್ನು ಬಯಲಿನ ಪಂಜರದಲ್ಲಿಟ್ಟು, ಸಂಜೆಯ ಮೇಲೆ ವಿದ್ಯುತ್ ದೀಪ ಹಚ್ಚಿ ಹಗಲನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪ ಲಂಬಿಸಿದರು. ಹೊರಗೆ ಮೈಕೊರೆಯುವ ಚಳಿ. ಆದರೂ ನಡುಚಳಿಗಾಲದಲ್ಲೇ ಆ ಹಕ್ಕಿಗಳ ವೃಷಣಗಳು ವಸಂತಕಾಲದ ಗಾತ್ರಕ್ಕೆ ಬೆಳೆದುಬಿಟ್ಟವು. ಲೆಕ್ಕಕ್ಕೆ ಬಂದದ್ದು ಚಳಿಯಲ್ಲ, ಹಗಲಿನ ಉದ್ದ. ಮುಂದಿನ ದಶಕದಲ್ಲಿ ಫ್ರಾನ್ಸಿನ ಜಾಕ್ ಬೆನ್ವಾ ಬಾತುಗಳ ಮೇಲೆ ನಡೆಸಿದ ಪ್ರಯೋಗಗಳು ಇನ್ನೂ ವಿಚಿತ್ರವಾದುದನ್ನು ಹೇಳಿದವು. ಈ ಬೆಳಕನ್ನು ಗ್ರಹಿಸಲು ಕಣ್ಣೇ ಬೇಕಿಲ್ಲ! ತಲೆಬುರುಡೆಯನ್ನು ಹಾದು ಒಳಹೋಗುವ ಮಂದ ಬೆಳಕನ್ನು ಮಿದುಳಿನ ಆಳದಲ್ಲಿರುವ ಕೋಶಗಳೇ ಹಿಡಿಯುತ್ತವೆ. ಹಗಲು ಸಾಕಷ್ಟು ಉದ್ದವಾದಾಗ ಹಾರ್ಮೋನುಗಳಿಗೆ ಅಪ್ಪಣೆ ಸಿಗುತ್ತದೆ.

ಮಂಗೋಲಿಯಾದ ಹಗಲು ಡಿಸೆಂಬರಿನಲ್ಲಿ ಸುಮಾರು ಎಂಟು ಗಂಟೆ, ಜೂನಿನಲ್ಲಿ ಹದಿನಾರು. ಅಲ್ಲಿ ಇಂಥ ಗಡಿಯಾರ ತಪ್ಪುವ ಪ್ರಮೇಯವೇ ಇಲ್ಲ. ಶ್ರೀರಂಗಪಟ್ಟಣದಲ್ಲಾದರೋ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆ ಮಾತ್ರ. ಹೀಗಾಗಿ ನಮ್ಮ ಹಕ್ಕಿಗಳು ಹಗಲಿನ ಜೊತೆಗೆ ಮಳೆ, ನೀರು, ಮೇವುಗಳನ್ನೂ ನೋಡಿ ಮುಹೂರ್ತ ಇಡಬೇಕು. ಒಂದೊಂದು ನೆಲೆಗೆ ಒಂದೊಂದು ಪಂಚಾಂಗ. ದಾಂಡೇಲಿಯ ಕಾಡಿನಲ್ಲಿ ಮಂಗಟ್ಟೆ ಹಕ್ಕಿಯ ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಗಿಲು ಮೆತ್ತಿಕೊಳ್ಳುವುದು ಬೇಸಿಗೆಯ ಹಣ್ಣುಗಳನ್ನು ನಂಬಿ. ಬಯಲುಸೀಮೆಯ ಗೀಜಗ ಮಳೆ ಬಿದ್ದು ನೇಯಲು ತಕ್ಕ ಹಸಿ ಹುಲ್ಲು ಎದ್ದ ಮೇಲೆಯೇ ಕೆಲಸಕ್ಕೆ ಕೂರುತ್ತದೆ.

ಬಣ್ಣದ ಕೊಕ್ಕರೆಯದು ಇನ್ನೊಂದು ಲೆಕ್ಕ. ಅದು ಮೀನನ್ನು ಕಣ್ಣಿನಿಂದ ಹುಡುಕುವುದು ಕಡಿಮೆ. ಅರೆತೆರೆದ ಕೊಕ್ಕನ್ನು ಕದಡಿದ ನೀರಿನಲ್ಲಿಟ್ಟು ಎಡಬಲಕ್ಕೆ ಆಡಿಸುತ್ತ ನಡೆಯುತ್ತದೆ. ಮೀನು ತಗುಲಿದ ಕ್ಷಣವೇ ಕೊಕ್ಕು ಮುಚ್ಚಿಕೊಳ್ಳುತ್ತದೆ. ತುಂಬಿದ ಕೆರೆಯಲ್ಲಿ ಈ ಉಪಾಯ ನಡೆಯದು. ನೀರಿಳಿದು ಮೀನು ಒತ್ತೊತ್ತಾದಾಗ ಕೊಕ್ಕಿಗೆ ಬಿಡುವಿಲ್ಲ. ಹಾಗೆಂದೇ ಉರಿಬಿಸಿಲಿನ ತಿಂಗಳುಗಳಲ್ಲಿ ರಂಗನತಿಟ್ಟಿನಲ್ಲಿ ಮರಿಗಳ ಗದ್ದಲ. ತಾಯಿ ತಂದೆ ರೆಕ್ಕೆ ಬಿಚ್ಚಿ ನೆರಳು ಮಾಡುವುದನ್ನೂ, ನುಂಗಿ ತಂದ ನೀರನ್ನು ಮರಿಗಳ ಮೇಲೆ ಕಕ್ಕಿ ತಂಪು ಮಾಡುವುದನ್ನೂ ದೋಣಿಯಲ್ಲಿ ಕೂತೇ ನೋಡಬಹುದು. ಅಂದಹಾಗೆ ರಂಗನತಿಟ್ಟಿನ ಆ ತಿಟ್ಟುಗಳು, ಅಂದರೆ ನದಿಯ ನಡುಗಡ್ಡೆಗಳು, ಮೂಡಿದ್ದೇ 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಅಣೆಕಟ್ಟೆಯಿಂದ. ಗದ್ದೆಗೆಂದು ಕಟ್ಟಿಸಿದ್ದು ಕೊಕ್ಕರೆಗೂ ಒದಗಿತು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು.

ಸುಳಿವು ಸುಲಭ. ಹಕ್ಕಿಯ ಕೊಕ್ಕಿನಲ್ಲಿ ಗೂಡಿನ ಕಡ್ಡಿ ಕಂಡರೆ ‘ವಿದೇಶಿ ಅತಿಥಿ’ ಎಂದು ಬರೆಯುವ ಮುನ್ನ ಎರಡು ಬಾರಿ ಯೋಚಿಸಿ. ಆದರೆ ಈ ಪರೀಕ್ಷೆಗೆ ಸಿಕ್ಕದ ಕಿಲಾಡಿಯೂ ಒಂದಿದೆ: ಚಾತಕ. ದಕ್ಷಿಣದ ಚಾತಕಗಳು ಇಲ್ಲಿಯವೇ. ಉತ್ತರ ಭಾರತದವು ಮುಂಗಾರಿನೊಂದಿಗೆ ಆಫ್ರಿಕಾದಿಂದ ಬಂದು ನಿಜವಾಗಿಯೂ ಇಲ್ಲೇ ಮೊಟ್ಟೆಯಿಡುತ್ತವೆ. ಮಳೆಹನಿಯನ್ನಷ್ಟೇ ಕುಡಿಯುತ್ತದೆಂಬುದು ಕವಿಗಳ ಮಾತು. ಅದಕ್ಕೆ ಬೇಕಿರುವುದು ಮಳೆಯ ನಂತರ ಚಿಗುರೆಲೆಗೆ ಮುತ್ತುವ ಕಂಬಳಿಹುಳುಗಳು. ಮೊಟ್ಟೆಯನ್ನು ಹರಟೆಮಲ್ಲ ಎಂಬ ಹಕ್ಕಿಯ ಗೂಡಿಗೆ ಸೇರಿಸಿಬಿಡುವುದರಿಂದ, ಅದು ಕಡ್ಡಿ ಹೊರುವ ಗೋಜಿಗೇ ಹೋಗುವುದಿಲ್ಲ.